ಕಿಯಾಂಟಿಯ ದ್ರಾಕ್ಷಿ ಗುಡ್ಡಗಳಲ್ಲಿ ಸೈಕಲ್: ಸದ್ದಿಲ್ಲದ ದಾರಿ ಹಿಡಿಯುವುದು ಹೇಗೆ?

ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಾಡೇ ಕಿಯಾಂಟಿ. ಇಳಿಜಾರಿನ ತುಂಬ ದ್ರಾಕ್ಷಿ ಸಾಲು, ನಡುನಡುವೆ ಆಲಿವ್ ತೋಪು, ಅದರಾಚೆ ಓಕ್ ಕಾಡು. ಜರ್ಮನಿ, ನೆದರ್ಲೆಂಡ್ಸ್ ಕಡೆ ಕೆಲಸಕ್ಕಿರುವ ನಮ್ಮವರಿಗೆ ಒಂದು ವಾರದ ರಜೆಗೆ ಹೇಳಿ ಮಾಡಿಸಿದ ಜಾಗ. ಬೆಂಗಳೂರಿನಿಂದ ಇಟಲಿ ನೋಡಲು ಹೋಗುವವರೂ ರೋಮ್, ವೆನಿಸ್ ಪಟ್ಟಿಯಿಂದ ಮೂರು ದಿನ ಕಿತ್ತು ಇಲ್ಲಿಗೆ ಕೊಡಬಹುದು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಿಯಾಂಟಿಗೆ ಹೋದ ಮಾತ್ರಕ್ಕೆ ಸದ್ದಿಲ್ಲದ ರಸ್ತೆ ತಾನಾಗಿ ಸಿಗುವುದಿಲ್ಲ. ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಹೋಗುವ ಎಸ್‌ಆರ್ 222 ಎಂಬ ರಸ್ತೆ ಇದೆ. ಚಂದದ ರಸ್ತೆ, ಹಾಗಾಗಿಯೇ ಎಲ್ಲರೂ ಅಲ್ಲಿಗೇ ಬರುತ್ತಾರೆ. ಭಾನುವಾರ ಹನ್ನೊಂದು ಗಂಟೆ ಹೊತ್ತಿಗೆ ಅಲ್ಲಿ ಟೂರಿಸ್ಟ್ ಬಸ್ಸು, ಬಾಡಿಗೆ ಕಾರು, ಗುಂಪು ಕಟ್ಟಿಕೊಂಡು ಬರುವ ಮೋಟರ್‌ಬೈಕು ಎಲ್ಲವೂ ಹಿಂದೆಯೇ ಇರುತ್ತವೆ. ಅದರಿಂದ ಎರಡೇ ಕಿಲೋಮೀಟರ್ ಪಕ್ಕಕ್ಕೆ ಸರಿದರೆ ಅರ್ಧ ಗಂಟೆಗೆ ಒಂದು ಟ್ರ್ಯಾಕ್ಟರ್ ಬಂದರೆ ಹೆಚ್ಚು. ಯಾವ ರಸ್ತೆ, ಎಷ್ಟು ಹೊತ್ತಿಗೆ, ಇವೆರಡನ್ನು ಸರಿಯಾಗಿ ಆರಿಸಿಕೊಳ್ಳುವುದೇ ಇಲ್ಲಿನ ಅರ್ಧ ಕೆಲಸ.

ಮೊದಲು ತಿಂಗಳು ಆರಿಸಿ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಳ್ಳೆಯದು. ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್. ಜುಲೈ, ಆಗಸ್ಟಿನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು. ದ್ರಾಕ್ಷಿ ತೋಟದ ನಡುವಿನ ರಸ್ತೆಗೆ ನೆರಳು ಕಮ್ಮಿ. ನಾವು ಬಿಸಿಲಿನ ದೇಶದವರು, ನಮಗೇನು ಅಂತ ಸುಮ್ನೆ ಹಠ ಬೇಡ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯೇ ಸರಿ. ಆಗ ಕೊಯ್ಲು ನಡೆಯುತ್ತಿರುತ್ತದೆ. ಇಲ್ಲಿನ ಮುಖ್ಯ ದ್ರಾಕ್ಷಿ ಸ್ಯಾಂಜೊವೇಸೆ. ಇಲ್ಲಿನ ವೈನ್ ಬಾಟಲಿಯ ಮೇಲೆ ಕಿಯಾಂಟಿ ಕ್ಲಾಸಿಕೊ ಅಂತ ಬರೆಯಬೇಕಾದರೆ ಕನಿಷ್ಠ ಶೇ 80 ಇದೇ ಇರಬೇಕು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುವುದನ್ನು ನೋಡಿದವರಿಗೆ ಇಲ್ಲಿನ ತೋಟ ಬೇರೆಯೇ ಥರ ಕಾಣುತ್ತದೆ. ಇಲ್ಲಿ ಚಪ್ಪರ ಇಲ್ಲ. ಕಂಬ ನೆಟ್ಟು, ತಂತಿ ಎಳೆದು, ಬಳ್ಳಿಯನ್ನು ಬೇಲಿಯ ಹಾಗೆ ನೆಟ್ಟಗೆ ನಿಲ್ಲಿಸುತ್ತಾರೆ. ಗೊಂಚಲು ನೇತಾಡುವುದು ಮೊಣಕಾಲಿನಿಂದ ಸೊಂಟದ ನಡುವಿನ ಎತ್ತರದಲ್ಲಿ, ಅಂದರೆ ಸೈಕಲ್ ಮೇಲೆ ಕೂತವರ ಕಣ್ಣಿಗೆ ಸರಿಯಾಗಿ ಬೀಳುವ ಹಾಗೆ. ಕೀಳಬೇಡಿ. ಅದು ಅವರ ವರ್ಷದ ದುಡಿಮೆ.

ಅಕ್ಟೋಬರ್ ಮೊದಲ ವಾರದ ಆಸುಪಾಸಿನಲ್ಲಿ ಗಾಯೊಲೆ ಎಂಬ ಊರಿನಲ್ಲಿ ಲೆರೊಯಿಕಾ ಎಂಬ ಹಳೇ ಸೈಕಲ್ಲುಗಳ ಸವಾರಿ ನಡೆಯುತ್ತದೆ. 1997ರಲ್ಲಿ ಶುರುವಾದದ್ದು. 1987ಕ್ಕಿಂತ ಹಳೆಯ ಮಾದರಿಯ ಸೈಕಲ್ಲು, ಉಣ್ಣೆಯ ಜೆರ್ಸಿ, ಹೀಗೆ ಊರಿಡೀ ಜಾತ್ರೆ. ಅದನ್ನೇ ನೋಡಬೇಕಿದ್ದರೆ ತಿಂಗಳುಗಟ್ಟಲೆ ಮೊದಲೇ ಕೋಣೆ ಹಿಡಿಯಿರಿ. ನೆಮ್ಮದಿ ಬೇಕಿದ್ದರೆ ಆ ವಾರ ಬಿಟ್ಟುಬಿಡಿ. ಮಾರ್ಚ್ ಮೊದಲ ಭಾಗದಲ್ಲಿ ಸಿಯೆನಾದಲ್ಲಿ ನಡೆಯುವ ಸ್ಟ್ರಾಡೆ ಬಿಯಾಂಕೆ ವೃತ್ತಿಪರ ರೇಸಿಗೂ ಇದೇ ಮಾತು.

ಶರತ್ಕಾಲಕ್ಕೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಆಗ ಕಾಡುಹಂದಿ ಬೇಟೆಯ ಕಾಲ. ಇಟಲಿಯಲ್ಲಿ ಮಂಗಳವಾರ, ಶುಕ್ರವಾರ ಬೇಟೆ ನಿಷಿದ್ಧ. ಕಾಡಿನೊಳಗೆ ಹೋಗುವ ಮಣ್ಣಿನ ದಾರಿಗಳನ್ನು ಆ ಎರಡು ದಿನಕ್ಕೆ ಇಟ್ಟುಕೊಳ್ಳಿ. ಬೇರೆ ದಿನ ಹೋದರೆ ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿಕೊಳ್ಳಿ. ದಾರಿ ಬದಿಯಲ್ಲಿ ಬೇಟೆಯ ಬೋರ್ಡು ಕಂಡರೆ ವಾಪಸ್ ತಿರುಗಿ.

ತಂಗಲು ಸಣ್ಣ ಊರು ಹಿಡಿಯಿರಿ

ಫ್ಲಾರೆನ್ಸಿನಲ್ಲಿ ಉಳಿದುಕೊಂಡು ದಿನಾ ಸೈಕಲ್ಲಿಗೆ ಬರುತ್ತೇನೆ ಅಂದರೆ ಅರ್ಧ ದಿನ ಪಟ್ಟಣದಿಂದ ಹೊರಬರುವುದರಲ್ಲೇ ಮುಗಿಯುತ್ತದೆ. ರಾಡ್ಡಾ, ಗಾಯೊಲೆ, ಕಾಸ್ಟೆಲ್ಲಿನಾ, ಈ ಮೂರರಲ್ಲಿ ಒಂದು ಸಾಕು. ಹಳೆಯ ಕಾಲದಲ್ಲಿ ಕಿಯಾಂಟಿ ಒಕ್ಕೂಟ ಕಟ್ಟಿಕೊಂಡಿದ್ದ ಊರುಗಳೇ ಇವು. ನನ್ನ ಮತ ರಾಡ್ಡಾಕ್ಕೆ. ಸುಮಾರು 530 ಮೀಟರ್ ಎತ್ತರದ ಏಣಿನ ಮೇಲೆ ಕೂತ ಪುಟ್ಟ ಊರು, ಎಲ್ಲ ದಿಕ್ಕಿಗೂ ರಸ್ತೆ ಇಳಿಯುತ್ತದೆ. ಕಷ್ಟ ಒಂದೇ. ಸಂಜೆ ಮನೆ ಸೇರಬೇಕಾದರೆ ಯಾವ ಕಡೆಯಿಂದ ಬಂದರೂ ಏರಲೇಬೇಕು. ಅದು ಆಗುವುದಿಲ್ಲ ಅನ್ನುವವರು ಗಾಯೊಲೆ ಹಿಡಿಯಿರಿ. ಅದು ಕಣಿವೆಯಲ್ಲಿದೆ. ಬೆಳಗ್ಗೆ ಏರು, ಸಂಜೆ ಇಳಿಜಾರು.

ಈ ಮೂರು ಊರಿಗೂ ರೈಲಿಲ್ಲ. ಫ್ಲಾರೆನ್ಸ್–ಎಂಪೊಲಿ–ಸಿಯೆನಾ ರೈಲು ದಾರಿಯಲ್ಲಿ ಪೊಜ್ಜಿಬೊನ್ಸಿ ಅಂತ ನಿಲ್ದಾಣವಿದೆ. ಅಲ್ಲಿಂದ ಕಾಸ್ಟೆಲ್ಲಿನಾಕ್ಕೆ ಸುಮಾರು 20 ಕಿಲೋಮೀಟರ್, ಹೆಚ್ಚುಕಮ್ಮಿ ಪೂರ್ತಿ ಏರು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ತೆಗೆಯಬೇಕು. ವೇಳಾಪಟ್ಟಿಯಲ್ಲಿ ಆ ರೈಲಿನ ಮುಂದೆ ಸೈಕಲ್ ಚಿತ್ರ ಇದೆಯಾ ಅಂತ ನೋಡಿಕೊಳ್ಳಿ. ಬಿಚ್ಚಿ ಚೀಲದಲ್ಲಿ ಕಟ್ಟಿದ ಸೈಕಲ್ಲು ಲಗೇಜಿನ ಲೆಕ್ಕ. ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವವರು ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ಊರು ಸೇರುವುದೇ ಸುಲಭ.

ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ

ಗೇರು ನೋಡಿ. ಪೆಡಲ್ ಹತ್ತಿರದ ಹಲ್ಲುಚಕ್ರಗಳಲ್ಲಿ ಸಣ್ಣದಕ್ಕೆ 34 ಹಲ್ಲು, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 32 ಅಥವಾ 34 ಇರಲಿ. ಇದಕ್ಕಿಂತ ಗಟ್ಟಿ ಗೇರು ಕೊಟ್ಟರೆ ಬೇಡ ಅನ್ನಿ. ಟೈರು ಕನಿಷ್ಠ 32 ಮಿಲಿಮೀಟರ್ ಅಗಲ. ಇ-ಬೈಕು ತೆಗೆದುಕೊಳ್ಳಲು ಮುಜುಗರ ಬೇಡ, ಜೊತೆಗಾರರ ಶಕ್ತಿ ಬೇರೆ ಬೇರೆ ಇದ್ದಾಗ ಜಗಳ ತಪ್ಪಿಸುವುದು ಅದೇ. ಮೋಟರಿನ ನೆರವು ಗಂಟೆಗೆ 25 ಕಿಲೋಮೀಟರಿಗೆ ನಿಲ್ಲುತ್ತದೆ. ಏರಿನಲ್ಲಿ ಅಷ್ಟು ವೇಗ ಯಾರಿಗೆ ಬೇಕು?

ಇದಕ್ಕಿಂತ ಮುಖ್ಯವಾದದ್ದು ಬ್ರೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಅಲ್ಲಿ ಬಹುತೇಕ ಉಲ್ಟಾ. ಎಡಗೈ ಒತ್ತಿದರೆ ಮುಂದಿನ ಚಕ್ರ ಹಿಡಿಯುತ್ತದೆ. ಜಲ್ಲಿಯ ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಎಡಗೈ ಜೋರಾಗಿ ಒತ್ತಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಂಗಡಿಯ ಮುಂದೆಯೇ ಸೈಕಲ್ ತಳ್ಳಿಕೊಂಡು ಒಂದೊಂದಾಗಿ ಒತ್ತಿ ನೋಡಿ. ಬದಲಾಯಿಸಿ ಕೊಡುತ್ತಾರಾ ಕೇಳಿ. ಇಲ್ಲದಿದ್ದರೆ ಮೊದಲ ಹತ್ತು ಕಿಲೋಮೀಟರ್ ನಿಧಾನಕ್ಕೆ ಹೋಗಿ ಕೈಗೆ ಅಭ್ಯಾಸ ಮಾಡಿಸಿ. ಜೊತೆಗೆ ಅಲ್ಲಿ ವಾಹನ ಬಲಬದಿಯಲ್ಲಿ ಓಡುತ್ತದೆ. ಖಾಲಿ ರಸ್ತೆಯಲ್ಲೇ ಇದು ಮರೆತುಹೋಗುವುದು. ನೀರು ಕುಡಿಯಲು ನಿಂತು ಮತ್ತೆ ಹೊರಟಾಗ ಕಾಲು ತಾನಾಗಿ ಎಡಕ್ಕೆ ಎಳೆಯುತ್ತದೆ.

ಸೀಟಿನ ಎತ್ತರದ ಅಳತೆ ಬರೆದುಕೊಂಡು ಹೋಗಿ. ಶೂ ಸಿಕ್ಕಿಸುವ ಪೆಡಲ್ ಅಭ್ಯಾಸ ಇದ್ದವರು ನಿಮ್ಮದೇ ಪೆಡಲ್ ಒಯ್ಯಿರಿ. ಟ್ಯೂಬ್ ಎರಡು, ಪಂಪು, ಟೈರ್ ಬಿಚ್ಚುವ ಸನ್ನೆ, ಹಿಂದೆ ಮುಂದೆ ಲೈಟು, ಬೆಲ್ಲು.

ಕಿಲೋಮೀಟರ್ ಬಿಡಿ, ಏರು ಲೆಕ್ಕ ಹಾಕಿ

ನಂದಿಬೆಟ್ಟ ಹತ್ತಿದವರಿಗೆ ಏರು ಅಂದರೆ ಒಂದೇ ಸಲಕ್ಕೆ ಏಳೆಂಟು ಕಿಲೋಮೀಟರ್ ಹತ್ತಿ, ತುದಿಯಲ್ಲಿ ಫೋಟೊ ತೆಗೆಸಿಕೊಂಡು, ಜಾರಿಕೊಂಡು ಬರುವುದು. ಕಿಯಾಂಟಿಯಲ್ಲಿ ಹಾಗಿಲ್ಲ. ಎರಡು ಕಿಲೋಮೀಟರ್ ಏರು, ಮೂರು ಕಿಲೋಮೀಟರ್ ಇಳಿಜಾರು, ಮತ್ತೆ ಏರು. ದಿನವಿಡೀ ಇದೇ ಆಟ. ಒಂದೊಂದೂ ಸುಲಭ ಅನ್ನಿಸುತ್ತದೆ. ಆದರೆ 50 ಕಿಲೋಮೀಟರ್ ತುಳಿಯುವಷ್ಟರಲ್ಲಿ ಒಟ್ಟು 1,000 ಮೀಟರ್ ಹತ್ತಿರುತ್ತೀರಿ. ಇಳಿಜಾರಿನಲ್ಲಿ ಗಳಿಸಿದ್ದೆಲ್ಲ ಮುಂದಿನ ತಿರುವಿನಲ್ಲೇ ಖರ್ಚು.

ಸಾಧಾರಣ ಸವಾರರಿಗೆ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 20 ಕಿಲೋಮೀಟರ್ ಅಂತ ಹಿಡಿಯಿರಿ. ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ ಹತ್ತು ನಿಮಿಷ ಸೇರಿಸಿ. 50 ಕಿಲೋಮೀಟರಿಗೆ ಎರಡೂವರೆ ಗಂಟೆ, 1,000 ಮೀಟರ್ ಏರಿಗೆ ನೂರು ನಿಮಿಷ. ಅಲ್ಲಿಗೆ ತುಳಿಯುವುದೇ ನಾಲ್ಕು ಗಂಟೆ ದಾಟಿತು. ಕಾಫಿ, ಊಟ, ಫೋಟೊ, ಪಂಕ್ಚರ್ ಇದರ ಮೇಲೆ. ಕೊಮೂಟ್, ಸ್ಟ್ರಾವಾ ಥರದ ಆ್ಯಪಿನಲ್ಲಿ ದಾರಿ ಹಾಕಿದರೆ ಒಟ್ಟು ಏರು ತೋರಿಸುತ್ತದೆ. ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗದಿರಬಹುದು, ಹಿಂದಿನ ರಾತ್ರಿಯೇ ನಕ್ಷೆ ಇಳಿಸಿಕೊಂಡಿರಿ.

ಇನ್ನು ಹೊತ್ತಿನ ವಿಷಯ. ಕಿಯಾಂಟಿ ಕ್ಲಾಸಿಕೊ ಬಾಟಲಿಯ ಕತ್ತಿನ ಮೇಲೆ ಕಪ್ಪು ಹುಂಜದ ಗುರುತು ಇರುತ್ತದಲ್ವಾ, ಅದಕ್ಕೊಂದು ದಂತಕಥೆ ಇದೆ. ಫ್ಲಾರೆನ್ಸ್, ಸಿಯೆನಾ ನಡುವೆ ಗಡಿ ಜಗಳ. ಬೆಳಗ್ಗೆ ಹುಂಜ ಕೂಗಿದಾಗ ಎರಡೂ ಕಡೆಯಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಎದುರಾದ ಜಾಗವೇ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆತುಂಬ ತಿನ್ನಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಮೊದಲೇ ಕೂಗಿತು. ಅವರ ಸವಾರ ಸಿಯೆನಾದ ಹತ್ತಿರದ ಫೊಂಟೆರುಟೊಲಿವರೆಗೂ ಬಂದುಬಿಟ್ಟ. ಸೈಕಲ್ಲಿನವರಿಗೂ ಇದೇ ಸರಿ. ಏಳು ಗಂಟೆಗೆ ಹೊರಟರೆ ಹತ್ತರವರೆಗೆ ಎಸ್‌ಆರ್ 222 ಕೂಡ ನಿಮ್ಮದೇ. ಬಸ್ಸುಗಳು ಬರುವ ಹೊತ್ತಿಗೆ ಪಕ್ಕದ ರಸ್ತೆಗೆ ಇಳಿದಿರಬೇಕು.

ಮೂರು ದಿನಕ್ಕೆ ಮೂರು ದಾರಿ

ಮೊದಲ ದಿನ ಚಿಕ್ಕದು ಸಾಕು. ರಾಡ್ಡಾದಿಂದ ಕಣಿವೆಗೆ ಇಳಿದು, ಎದುರು ಗುಡ್ಡದ ಮೇಲಿನ ವೊಲ್ಪಾಯಾಕ್ಕೆ ಹತ್ತಿ. ಒಂದು ಕಡೆಗೆ ಏಳು ಕಿಲೋಮೀಟರ್ ಆಸುಪಾಸು. ವೊಲ್ಪಾಯಾ 600 ಮೀಟರಿಗಿಂತ ಎತ್ತರದಲ್ಲಿರುವ ಕಲ್ಲುಮನೆಗಳ ಕೋಟೆ ಹಳ್ಳಿ. ಹಳ್ಳಿಯ ಮನೆಗಳ ಒಳಗೇ ವೈನ್ ಮಾಡುವ ಕೋಣೆಗಳಿವೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಬ್ರೇಕು, ಗೇರು, ಬಲಬದಿಯ ಅಭ್ಯಾಸ ಎಲ್ಲ ಈ ದಾರಿಯಲ್ಲಿ ಸರಿಹೋಗುತ್ತದೆ.

ಎರಡನೇ ದಿನ ರಾಡ್ಡಾ, ಬಾಡಿಯಾ ಎ ಕೊಲ್ಟಿಬುವೊನೊ, ಗಾಯೊಲೆ, ಬ್ರೋಲಿಯೊ. ಬಾಡಿಯಾ ಒಂದು ಹಳೆಯ ಮಠ, ಕಾಡಿನ ನಡುವೆ ಇದೆ. ಅಲ್ಲಿಂದ ಗಾಯೊಲೆಗೆ ಒಳ್ಳೆಯ ಇಳಿಜಾರು. ಗಾಯೊಲೆಯಲ್ಲಿ ಕಾಫಿ ಕುಡಿದು ಬ್ರೋಲಿಯೊ ಕೋಟೆಗೆ ಹೋಗಿ, ಸುಮಾರು ಹತ್ತು ಕಿಲೋಮೀಟರ್. ಈ ಕೋಟೆಯ ಬೆಟ್ಟಿನೊ ರಿಕಾಸೊಲಿ ಇಟಲಿಯ ಎರಡನೇ ಪ್ರಧಾನಿಯಾಗಿದ್ದವರು. ಕಿಯಾಂಟಿ ವೈನಿಗೆ ಯಾವ ದ್ರಾಕ್ಷಿ ಹೇಗೆ ಬೆರೆಸಬೇಕು ಅಂತ 1872ರಲ್ಲಿ ಬರೆದಿಟ್ಟವರೂ ಅವರೇ. ವಾಪಸ್ ಬರುವಾಗ ಶಕ್ತಿ ಉಳಿದಿದ್ದರೆ ಲೆಕ್ಕಿ, ಸಾನ್ ಸಾನೊ ಹಳ್ಳಿಗಳ ಸಣ್ಣ ರಸ್ತೆ ಹಿಡಿಯಿರಿ. ನನಗೆ ಇಡೀ ಕಿಯಾಂಟಿಯಲ್ಲಿ ಹೆಚ್ಚು ಇಷ್ಟವಾಗುವುದು ಈ ತುಂಡೇ. ನೋಡಬೇಕಾದ ಜಾಗ ಅಂತ ಯಾವ ಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ, ಅದಕ್ಕೇ ಖಾಲಿ.

ಮೂರನೇ ದಿನ ಬೆಳಗ್ಗೆ ಬೇಗ ಕಾಸ್ಟೆಲ್ಲಿನಾ ದಾಟಿ ಪಾಂಜಾನೊ, ಗ್ರೆವೆ ಕಡೆ. ಗ್ರೆವೆ ತಲುಪುವ ಮೊದಲೇ ಮುಖ್ಯ ರಸ್ತೆ ಬಿಟ್ಟು ಪೂರ್ವಕ್ಕೆ ಲಾಮೊಲೆಗೆ ಹತ್ತಿ. ಆಚೆಗೆ ದೊಡ್ಡ ಊರಿಲ್ಲ, ಕಾಡು. ಹಾಗಾಗಿ ಕೆಲಸ ಇದ್ದವರು ಮಾತ್ರ ಬರುತ್ತಾರೆ. ಗುಡ್ಡ ಕಡಿದು, ಕಲ್ಲಿನ ಮೇಲೆ ಕಲ್ಲು ಪೇರಿಸಿದ ಕಟ್ಟೆಗಳ ಮೇಲೆ ದ್ರಾಕ್ಷಿ ಬೆಳೆಯುತ್ತಾರೆ. ಗಾರೆ ಇಲ್ಲ, ಸಿಮೆಂಟಿಲ್ಲ. ಮೂರರಲ್ಲಿ ಇದೇ ಕಷ್ಟದ ದಾರಿ. ಕಾಲು ಸೋತಿದ್ದರೆ ಪಾಂಜಾನೊದಿಂದಲೇ ತಿರುಗಿ ಬನ್ನಿ, ಯಾರೂ ಕೇಳುವುದಿಲ್ಲ.

ಬಿಳಿ ರಸ್ತೆ

ಕಿಯಾಂಟಿಯಲ್ಲಿ ಡಾಂಬರು ಕಾಣದ ಬಿಳಿ ಮಣ್ಣಿನ ರಸ್ತೆಗಳು ಇನ್ನೂ ಇವೆ. ಲೆರೊಯಿಕಾ ಶುರುವಾದದ್ದೇ ಇವು ಡಾಂಬರಿನ ಅಡಿಗೆ ಹೋಗಬಾರದು ಅಂತ. ಅದರ 209 ಕಿಲೋಮೀಟರಿನ ದಾರಿಗೆ ವರ್ಷವಿಡೀ ಬೋರ್ಡುಗಳಿವೆ. ಅದನ್ನು ಹಿಡಿದು ಬೇಕಾದಷ್ಟು ತುಂಡು ಮಾತ್ರ ತುಳಿಯಬಹುದು. ಬ್ರೋಲಿಯೊ ಸುತ್ತಮುತ್ತಲಿನ ಸೈಪ್ರಸ್ ಮರಗಳ ನಡುವಿನ ತುಂಡು ಮೊದಲ ಸಲಕ್ಕೆ ಚೆನ್ನ.

ಈ ರಸ್ತೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಾರು, ಟ್ರ್ಯಾಕ್ಟರಿನ ಚಕ್ರ ಓಡಾಡಿ ಎರಡು ಪಟ್ಟಿ ಗಟ್ಟಿಯಾಗಿರುತ್ತವೆ, ಸಿಮೆಂಟ್ ನೆಲದ ಹಾಗೆ ನುಣುಪು. ಆ ಪಟ್ಟಿಗಳ ನಡುವೆ ಮತ್ತು ಅಂಚಿನಲ್ಲಿ ಸಡಿಲ ಜಲ್ಲಿ ಗುಡ್ಡೆಯಾಗಿ ಕೂತಿರುತ್ತದೆ. ನೀವು ಗಟ್ಟಿ ಪಟ್ಟಿಯ ಮೇಲೇ ಇರಬೇಕು. ಪಟ್ಟಿ ಬದಲಿಸಬೇಕಾದರೆ ನೇರ ದಾರಿಯಲ್ಲಿ ಬದಲಿಸಿ, ತಿರುವಿನಲ್ಲಿ ಬೇಡ. ಕಡಿದಾದ ಜಾಗದಲ್ಲಿ ವಾಹನಗಳು ಬ್ರೇಕು ಹಾಕಿ ಹಾಕಿ ನೆಲ ಅಲೆಅಲೆಯಾಗಿರುತ್ತದೆ, ಅಲ್ಲಿ ಹ್ಯಾಂಡಲ್ ಗಡಗಡ ನಡುಗುತ್ತದೆ. ಬಿಗಿಯಾಗಿ ಹಿಡಿದರೆ ಇನ್ನೂ ಜಾಸ್ತಿ. ಮೊಣಕೈ ಸಡಿಲ ಬಿಡಿ, ಸೀಟಿನಿಂದ ಒಂಚೂರು ಮೇಲೇಳಿ. ಬ್ರೇಕು ತಿರುವಿಗೆ ಮೊದಲೇ ಹಾಕಿ ಮುಗಿಸಿ. ಏರಿನಲ್ಲಿ ಮಾತ್ರ ಕೂತೇ ತುಳಿಯಿರಿ. ಎದ್ದು ನಿಂತರೆ ಹಿಂದಿನ ಚಕ್ರದ ಮೇಲೆ ಭಾರ ತಪ್ಪಿ ಸುಮ್ನೆ ತಿರುಗುತ್ತದೆ.

ಇಲ್ಲಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಡಾಂಬರಿಗಿಂತ ಹತ್ತು ಪಿಎಸ್‌ಐ ಕಮ್ಮಿ ಮಾಡಿ. ಮಳೆ ಬಿದ್ದ ಮರುದಿನ ಬೇಡ. ಆ ಸುಣ್ಣದ ಮಣ್ಣು ಚೈನಿಗೆ, ಬ್ರೇಕಿಗೆ ಅಂಟಿಕೊಂಡು ಕಾಡುತ್ತದೆ.

ಹೊಟ್ಟೆ, ನೀರು

ಊರಿನ ಚೌಕದಲ್ಲಿ ಕುಡಿಯುವ ನೀರಿನ ನಲ್ಲಿ ಇರುತ್ತದೆ. ಊರು ಸಿಗದಿದ್ದರೆ ಸ್ಮಶಾನ ಹುಡುಕಿ. ಹೂವಿಗೆ ನೀರು ಹಾಕಲು ಅಲ್ಲಿ ನಲ್ಲಿ ಇಟ್ಟಿರುತ್ತಾರೆ, ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ‘ನಾನ್ ಪೊಟಾಬಿಲೆ’ ಅಂತ ಬೋರ್ಡಿದ್ದರೆ ಕುಡಿಯಬೇಡಿ. ಹಳ್ಳಿಯ ದಿನಸಿ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವುದು ಮಾಮೂಲು. ಹೋಟೆಲಿನ ಅಡುಗೆಮನೆಯೂ ಎರಡೂವರೆಗೆ ಮುಚ್ಚುತ್ತದೆ. ಮೂರು ಗಂಟೆಗೆ ಹಸಿದು ಹೋದರೆ ಯಾರೂ ಕರುಣೆ ತೋರಿಸುವುದಿಲ್ಲ.

ಸಸ್ಯಾಹಾರಿಗಳು ‘ಸೆನ್ಸಾ ಕಾರ್ನೆ’ ಅಂದರೆ ಮಾಂಸ ಬೇಡ ಅಂತ ಅರ್ಥವಾಗುತ್ತದೆ. ಬೆಳ್ಳುಳ್ಳಿ ಟೊಮೆಟೊ ಸಾರಿನ ಪೀಚಿ ಆಲ್‌ಅಲ್ಯೋನೆ ಎಂಬ ದಪ್ಪ ಶಾವಿಗೆ ಧೈರ್ಯವಾಗಿ ತಿನ್ನಬಹುದು. ಬ್ರೆಡ್ಡು ಟೊಮೆಟೊ ಹಾಕಿ ಕುದಿಸಿದ ಪಾಪಾ ಅಲ್ ಪೊಮೊಡೊರೊ ನಮ್ಮ ಬಾಯಿಗೆ ಚೆನ್ನಾಗಿ ಹೊಂದುತ್ತದೆ. ರಿಬೊಲ್ಲಿಟಾ ಎಂಬ ಕಾಳು ಸೊಪ್ಪಿನ ಗಟ್ಟಿ ಸೂಪು ಇನ್ನೂ ಚೆನ್ನ. ಆದರೆ ಈ ಎರಡಕ್ಕೂ ಕೆಲವರು ಮಾಂಸದ ಕಟ್ಟು ಬಳಸುತ್ತಾರೆ, ಕೇಳಿಯೇ ತಿನ್ನಿ. ಮಾಂಸ ತಿನ್ನುವವರಿಗೆ ಪಾಂಜಾನೊದ ಡಾರಿಯೊ ಚೆಕ್ಕಿನಿ ಅವರ ಮಾಂಸದಂಗಡಿ ಪ್ರಸಿದ್ಧ.

ಕಿಯಾಂಟಿ ಇರುವ ಟಸ್ಕನಿ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಬೆವರು ಸುರಿಸಿ ಬಂದವರಿಗೆ ಅದು ಸಪ್ಪೆಯೋ ಸಪ್ಪೆ. ಮನೆಯಿಂದ ಚಟ್ನಿಪುಡಿ ಒಯ್ದಿದ್ದರೆ ಆ ಬ್ರೆಡ್ಡಿನ ಮೇಲೆ ಉದುರಿಸಿ, ಅಲ್ಲಿನದೇ ಆಲಿವ್ ಎಣ್ಣೆ ಸುರಿದುಕೊಳ್ಳಿ. ಜೇಬಿನಲ್ಲಿ ಎರಡು ಓಆರ್‌ಎಸ್ ಪೊಟ್ಟಣವೂ ಇರಲಿ.

ವೈನು ಕೊನೆಗೆ

ದಾರಿ ಮಧ್ಯೆ ಬೇಡ. ಇಟಲಿಯಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೊಹಾಲ್ ಮಿತಿ, ಅದು ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ಕಾನೂನು ಬಿಡಿ, ಇನ್ನೂರು ಮೀಟರ್ ಏರು ಬಾಕಿ ಇರುವಾಗ ಒಂದು ಲೋಟ ವೈನು ಕುಡಿದರೆ ಕಾಲೇ ಬುದ್ಧಿ ಹೇಳುತ್ತದೆ. ಸವಾರಿ ಮುಗಿಸಿ, ಸ್ನಾನ ಮಾಡಿ, ನಡೆದು ಹೋಗುವಷ್ಟು ದೂರದ ತೋಟವನ್ನು ಹಿಂದಿನ ದಿನವೇ ಕೇಳಿ ಗೊತ್ತು ಮಾಡಿಕೊಳ್ಳಿ. ಸಣ್ಣ ತೋಟದವರು ಹೇಳದೆ ಕೇಳದೆ ಬಂದವರನ್ನು ಇಷ್ಟಪಡುವುದಿಲ್ಲ, ಕೊಯ್ಲಿನ ವಾರಗಳಲ್ಲಂತೂ ಪುರುಸೊತ್ತೇ ಇರುವುದಿಲ್ಲ.

ರುಚಿ ನೋಡಲು ಮೂರ್ನಾಲ್ಕು ಬಗೆ ಸಾಲಾಗಿ ಇಡುತ್ತಾರೆ. ಸಾದಾ ಕಿಯಾಂಟಿ ಕ್ಲಾಸಿಕೊ ಒಂದು ವರ್ಷ, ರಿಸೆರ್ವಾ ಎರಡು ವರ್ಷ, ಗ್ರಾನ್ ಸೆಲೆಜಿಯೊನೆ 30 ತಿಂಗಳು ಹಣ್ಣಾಗಿರಬೇಕು. ಮೇಜಿನ ಮೇಲೊಂದು ಉಗುಳುವ ಪಾತ್ರೆ ಇರುತ್ತದೆ. ಬಾಯಲ್ಲಿ ಆಡಿಸಿ ಉಗುಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೂ ಅದನ್ನೇ ಮಾಡುತ್ತಾರೆ. ಕುಡಿಯದವರು ಆಲಿವ್ ಎಣ್ಣೆಯ ರುಚಿ ಕೇಳಬಹುದು. ಹೆಚ್ಚಿನ ತೋಟಗಳಲ್ಲಿ ಅದೂ ಇರುತ್ತದೆ.

ಬಾಟಲಿ ಕೊಂಡು ಬೆನ್ನಚೀಲದಲ್ಲಿ ಹಾಕಿಕೊಂಡು ಸೈಕಲ್ ಹತ್ತಬೇಡಿ. ಯುರೋಪಿನ ವಿಳಾಸ ಇದ್ದವರು ಮನೆಗೇ ಕಳಿಸುತ್ತಾರಾ ಅಂತ ತೋಟದವರನ್ನು ಕೇಳಿ. ಭಾರತಕ್ಕೆ ಮರಳುವವರಿಗೆ ಸುಂಕವಿಲ್ಲದೆ ತರಲು ಎರಡು ಲೀಟರ್ ಮಿತಿ, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಕೈಚೀಲದಲ್ಲಿ ಬಿಡುವುದಿಲ್ಲ. ಸೈಕಲ್ ಜೆರ್ಸಿಗಳಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ.